ಫೋಟೊದಲ್ಲಿ ಬೋರ್ಡು ಬಿದ್ದರೆ ಯಾರ ಗಂಟು ಹೋಗುತ್ತದೆ?

ಸೂರ್ಯ ಮುಳುಗಿದ ಮೇಲೆ ಹತ್ತು ಹದಿನೈದು ನಿಮಿಷ ಒಂದು ಬೆಳಕಿರುತ್ತದೆ. ಆಕಾಶ ಇನ್ನೂ ಪೂರ್ತಿ ಕಪ್ಪಾಗಿರುವುದಿಲ್ಲ, ಗಾಢ ನೀಲಿ. ಕಟ್ಟಡಗಳ ಒಳಗಿನ ದೀಪ ಆಗಲೇ ಹತ್ತಿರುತ್ತದೆ. ಎರಡೂ ಸಮ ತೂಗುವ ಆ ಹೊತ್ತಿನಲ್ಲಿ ಗಾಜಿನ ಕಟ್ಟಡ ಕಂದೀಲಿನ ಹಾಗೆ ಹೊಳೆಯುತ್ತದೆ. ಕಟ್ಟಡದ ಫೋಟೊ ತೆಗೆಯುವವರು ಕಾಯುವುದೇ ಇದಕ್ಕೆ. ಅಂಥ ಒಂದು ಸಂಜೆ ಫುಟ್‌ಪಾತ್ ಮೇಲೆ ಟ್ರೈಪಾಡ್ ನಿಲ್ಲಿಸಿ, ಗೆರೆಗಳು ನೆಟ್ಟಗಿವೆಯಾ ನೋಡಿ, ಮೊದಲ ಕ್ಲಿಕ್ ಒತ್ತಿದ್ದೆ ಅಷ್ಟೇ. ಎದುರಿನ ಗೇಟಿನಿಂದ ಸೆಕ್ಯೂರಿಟಿಯವರು ಓಡಿ ಬಂದರು.

“ಸಾರ್, ಇಲ್ಲಿ ಫೋಟೊ ತೆಗೆಯೋ ಹಾಗಿಲ್ಲ.”

“ನಾನು ರಸ್ತೆ ಮೇಲೆ ನಿಂತಿದ್ದೀನಲ್ಲ ಅಣ್ಣಾ.”

“ನಿಂತ್ಕೊಳ್ಳಿ ಸಾರ್, ಬೇಡ ಅನ್ನಲ್ಲ. ಆದ್ರೆ ಕಂಪನಿ ಬೋರ್ಡು ಬರ್ತಿದೆಯಲ್ಲ.”

“ಬೋರ್ಡು ಹಾಕಿರೋದೇ ನಾಲ್ಕು ಜನ ನೋಡ್ಲಿ ಅಂತ ಅಲ್ವಾ?”

“ನೋಡೋದಕ್ಕೆ ಸಾರ್. ತೆಗೆಯೋದಕ್ಕಲ್ಲ.”

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀಲಿ ಬೆಳಕು ಹೋಗುವ ಮುಂಚೆ ಜಾಗ ಬದಲಿಸಿದೆ. ಆಮೇಲೆ ಯೋಚಿಸಿದರೆ, ಇಡೀ ವಿಷಯದ ಗಂಟನ್ನು ಅವರು ಎರಡೇ ಮಾತಲ್ಲಿ ಬಿಚ್ಚಿಟ್ಟಿದ್ದರು. ನೋಡುವುದು ಬೇರೆ, ತೆಗೆಯುವುದು ಬೇರೆ ಎನ್ನುವುದು ಅವರ ಲೆಕ್ಕ. ಹೆಚ್ಚಿನ ದೇಶಗಳ ಕಾನೂನು ಗೆರೆ ಎಳೆಯುವುದು ಇನ್ನೊಂದು ಹೆಜ್ಜೆ ಆಚೆಗೆ. ಫೋಟೊ ತೆಗೆಯುವುದು ಒಂದು, ತೆಗೆದ ಫೋಟೊವನ್ನು ಯಾವ ಕೆಲಸಕ್ಕೆ ಹಚ್ಚುತ್ತೀರಿ ಎನ್ನುವುದು ಇನ್ನೊಂದು. ತಕರಾರು ಜಾಸ್ತಿ ಹುಟ್ಟುವುದು ಎರಡನೆಯದರಲ್ಲಿ.

ಇದು ಗೊತ್ತಿಲ್ಲದೆ ಎರಡೂ ಕಡೆಯವರು ಜಗಳ ಆಡುತ್ತಾರೆ. ಫೋಟೊಗ್ರಾಫರ್ ರಸ್ತೆ ಎಲ್ಲರದ್ದು ಎನ್ನುತ್ತಾನೆ. ಕಂಪನಿಯವರು ಲೋಗೊ ನಮ್ಮದು ಎನ್ನುತ್ತಾರೆ. ಇಬ್ಬರ ಮಾತೂ ನಿಜ, ಆದರೆ ಬೇರೆ ಬೇರೆ ಕಾನೂನಿನ ಮಾತು. ಒಂದೇ ಒಂದು ಬೀದಿ ಫೋಟೊದಲ್ಲಿ ಎಷ್ಟು ಜನರ ಹಕ್ಕು ಒಂದರ ಮೇಲೊಂದು ಕೂತಿರುತ್ತದೆ ನೋಡಿ. ಕಟ್ಟಡದ ನಕ್ಷೆ ಬರೆದ ಆರ್ಕಿಟೆಕ್ಟ್, ಕಟ್ಟಡದ ಮಾಲೀಕ, ಗೋಡೆ ಮೇಲೆ ಚಿತ್ರ ಬರೆದ ಕಲಾವಿದ, ತುದಿಯಲ್ಲಿ ಬೋರ್ಡು ಹಾಕಿದ ಕಂಪನಿ, ನೀವು ಕಾಲಿಟ್ಟ ನೆಲದ ಒಡೆಯ. ಇವರಲ್ಲಿ ಯಾರ ಮಾತು ಎಷ್ಟು ನಡೆಯುತ್ತದೆ ಎನ್ನುವುದೇ ಪ್ರಶ್ನೆ.

ಕಟ್ಟಡದ ವಿನ್ಯಾಸಕ್ಕೂ ಕಾಪಿರೈಟ್ ಇದೆ, ಕಥೆ ಕವನಕ್ಕೆ ಇರುವ ಹಾಗೆಯೇ. ಹಾಗಾದರೆ ಅದರ ಫೋಟೊ ತೆಗೆದರೆ ನಕಲು ಮಾಡಿದ ಹಾಗಲ್ವಾ? ಅಕ್ಷರಕ್ಕೆ ಜೋತುಬಿದ್ದರೆ ಹೌದು ಎನ್ನಬೇಕು. ಆದರೆ ಹಾಗೆ ಹಿಡಿದರೆ ಬೀದಿಯಲ್ಲಿ ಯಾರೂ ಕ್ಯಾಮೆರಾ ಎತ್ತುವ ಹಾಗಿಲ್ಲ. ಅದಕ್ಕೇ ಬಹಳ ದೇಶಗಳು ಒಂದು ವಿನಾಯಿತಿ ಇಟ್ಟುಕೊಂಡಿವೆ. ಇದನ್ನು ‘ಪನೋರಮಾ ಸ್ವಾತಂತ್ರ್ಯ’ ಎನ್ನುತ್ತಾರೆ. ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತಿರುವುದನ್ನು ಯಾರು ಬೇಕಾದರೂ ಚಿತ್ರ ಮಾಡಬಹುದು, ಆ ಚಿತ್ರವನ್ನು ಮಾರಲೂಬಹುದು ಎನ್ನುವುದು ಅದರ ತಿರುಳು.

ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಇದನ್ನು ಹೇಳುತ್ತದೆ. ಭಾರತದ 1957ರ ಕಾಯ್ದೆಯ 52ನೇ ಸೆಕ್ಷನ್ ಕೂಡ ಹೇಳುತ್ತದೆ. ಅಮೆರಿಕದ ಕಥೆ ಸ್ವಾರಸ್ಯವಾಗಿದೆ. ಅಲ್ಲಿ 1990ರಲ್ಲಿ ಕಟ್ಟಡಗಳಿಗೆ ಸರಿಯಾಗಿ ಕಾಪಿರೈಟ್ ಕೊಟ್ಟರು. ಕೊಡುವ ಕಾಯ್ದೆಯಲ್ಲೇ ಒಂದು ಗೂಟ ಹೊಡೆದರು: ಸಾರ್ವಜನಿಕ ಜಾಗದಿಂದ ಕಾಣುವ ಕಟ್ಟಡದ ಫೋಟೊ, ಚಿತ್ರ ತಡೆಯುವ ಹಕ್ಕು ಮಾತ್ರ ಇದರಲ್ಲಿ ಸೇರಿಲ್ಲ ಅಂತ. ನಕ್ಷೆ ಕದ್ದು ಅದೇ ಥರದ ಇನ್ನೊಂದು ಕಟ್ಟಡ ಕಟ್ಟಿದರೆ ಕೇಸು ಹಾಕಬಹುದು. ಎದುರು ನಿಂತು ಫೋಟೊ ತೆಗೆದರೆ ಹಾಕುವಂತಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಸಾರ್ವಜನಿಕ ಜಾಗದಿಂದ’ ಎಂದರೆ ಎಲ್ಲಿಂದ? ಜರ್ಮನಿಯ ಕೋರ್ಟುಗಳು ಈ ಒಂದು ಪದವನ್ನು ಹಿಂಡಿ ಹಿಪ್ಪೆ ಮಾಡಿವೆ. ವಿಯೆನ್ನಾದಲ್ಲಿ ಹುಂಡರ್ಟ್‌ವಾಸರ್ ಎಂಬ ಕಲಾವಿದ ರೂಪಿಸಿದ ಬಣ್ಣ ಬಣ್ಣದ ಮನೆಯಿದೆ. ಅಂಕುಡೊಂಕು ನೆಲ, ಕಿಟಕಿಯಿಂದ ಹೊರಗೆ ಬೆಳೆದ ಮರ. ಯಾರೋ ಎದುರು ಮನೆಯ ಮೇಲಿನ ಮಹಡಿಯಿಂದ ಅದರ ಫೋಟೊ ತೆಗೆದರು. ಆ ಫೋಟೊದ ಪ್ರಿಂಟುಗಳು ಜರ್ಮನಿಯಲ್ಲಿ ಮಾರಾಟವಾದವು. 2003ರಲ್ಲಿ ಜರ್ಮನಿಯ ಸುಪ್ರೀಂ ನ್ಯಾಯಾಲಯ ಹೇಳಿದ್ದು ಇಷ್ಟು: ವಿನಾಯಿತಿ ಇರುವುದು ಬೀದಿಯಲ್ಲಿ ಹೋಗುವವನ ಕಣ್ಣಿಗೆ ಕಾಣುವ ನೋಟಕ್ಕೆ. ಯಾರದೋ ಫ್ಲ್ಯಾಟಿನ ಕಿಟಕಿಯಿಂದ ಕಾಣುವ ನೋಟ ಅದರಲ್ಲಿ ಬರುವುದಿಲ್ಲ. ಅದೇ ಕಟ್ಟಡ, ಅದೇ ಕ್ಯಾಮೆರಾ. ಹತ್ತಿಪ್ಪತ್ತು ಅಡಿ ಕೆಳಗೆ ಫುಟ್‌ಪಾತಿನಲ್ಲಿ ನಿಂತಿದ್ದರೆ ತಕರಾರೇ ಇರುತ್ತಿರಲಿಲ್ಲ.

2024ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೂರ್ ಪ್ರದೇಶದ ಹಳೆಯ ಗಣಿಗಳ ಮಣ್ಣುಗುಡ್ಡೆಗಳ ಮೇಲೆ ನಿಲ್ಲಿಸಿದ ಕಲಾಕೃತಿಗಳನ್ನು ಒಂದು ಪ್ರಕಾಶನದವರು ಡ್ರೋನ್‌ನಿಂದ ತೆಗೆದು ಪುಸ್ತಕದಲ್ಲಿ ಹಾಕಿದ್ದರು. ಡ್ರೋನ್ ನೋಟ ಬೀದಿಯ ನೋಟ ಅಲ್ಲ ಎಂದು ತೀರ್ಪು ಬಂತು. ಆಕಾಶ ಎಲ್ಲರದ್ದೇ ಇರಬಹುದು, ಆದರೆ ಈ ಕಾನೂನಿನ ಮಟ್ಟಿಗೆ ಅದು ರಸ್ತೆಯಲ್ಲ. ಡ್ರೋನ್ ಹಾರಿಸಿ ಕಲಾಕೃತಿಗಳ ಫೋಟೊ ಮಾರುವವರು ಈ ಒಂದು ತೀರ್ಪನ್ನು ಓದಿಕೊಂಡರೆ ಒಳ್ಳೆಯದು.

‘ಕಾಯಂ’ ಎನ್ನುವ ಪದಕ್ಕೂ ಇದೇ ಗತಿ. 1995ರಲ್ಲಿ ಕ್ರಿಸ್ಟೊ ಮತ್ತು ಜಾನ್-ಕ್ಲೋಡ್ ದಂಪತಿ ಬರ್ಲಿನ್ನಿನ ಸಂಸತ್ ಭವನ ರೈಖ್‌ಸ್ಟಾಗನ್ನು ಪೂರ್ತಿ ಬಟ್ಟೆಯಲ್ಲಿ ಸುತ್ತಿದರು. ಎರಡು ವಾರ ಇತ್ತು ಆ ಕೃತಿ. ಅದರ ಪೋಸ್ಟ್‌ಕಾರ್ಡು ಮಾಡಿ ಮಾರಿದವರ ವಿರುದ್ಧ 2002ರಲ್ಲಿ ತೀರ್ಪಾಯಿತು. ಎರಡು ವಾರಕ್ಕೆ ನಿಂತದ್ದು ಕಾಯಂ ಅಲ್ಲ ಎಂದಿತು ಕೋರ್ಟು. ಭವನದ ಫೋಟೊ ಮಾರಬಹುದು. ಸುತ್ತಿದ ಭವನದ್ದು ಮಾರುವಂತಿಲ್ಲ.

ಫ್ರಾನ್ಸಿನದು ಬೇರೆಯೇ ಸ್ವಭಾವ. ಅಲ್ಲಿ ಬಹಳ ಕಾಲ ಪನೋರಮಾ ಸ್ವಾತಂತ್ರ್ಯವೇ ಇರಲಿಲ್ಲ. 2016ರಲ್ಲಿ ಕೊಟ್ಟರು, ಆದರೆ ವ್ಯಕ್ತಿಗಳಿಗೆ ಮಾತ್ರ, ವ್ಯಾಪಾರಕ್ಕಲ್ಲ ಎಂಬ ಷರತ್ತಿನೊಂದಿಗೆ. ಐಫೆಲ್ ಟವರಿನ ಕಥೆ ಎಲ್ಲರೂ ಅರ್ಧಂಬರ್ಧ ಕೇಳಿರುತ್ತೀರಿ. ರಾತ್ರಿ ಫೋಟೊ ತೆಗೆದರೆ ಜೈಲು ಅಂತ ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಜೈಲೂ ಇಲ್ಲ, ಏನೂ ಇಲ್ಲ. ಟವರ್ ಕಟ್ಟಿದ್ದು 1889ರಲ್ಲಿ, ಗುಸ್ತಾವ್ ಐಫೆಲ್ ತೀರಿಕೊಂಡದ್ದು 1923ರಲ್ಲಿ. ಟವರಿನ ಕಾಪಿರೈಟ್ ಎಂದೋ ಮುಗಿದಿದೆ. ಹಗಲಿನ ಟವರನ್ನು ಯಾರು ಬೇಕಾದರೂ ತೆಗೆದು ಮಾರಬಹುದು. ಆದರೆ ಈಗಿನ ಹೊನ್ನಿನ ಬಣ್ಣದ ದೀಪಾಲಂಕಾರ ಮಾಡಿದ್ದು ಪಿಯೆರ್ ಬಿದೊ, 1985ರಲ್ಲಿ. ಟವರಿನ ಬೆಳಕಿನ ಜೋಡಣೆಯೂ ಒಂದು ಕೃತಿಯೇ ಎಂದು 1992ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಒಪ್ಪಿಕೊಂಡಿತು. ಹಾಗಾಗಿ ರಾತ್ರಿಯ ಫೋಟೊವನ್ನು ವ್ಯಾಪಾರಕ್ಕೆ ಬಳಸುವವರು ಟವರ್ ನಡೆಸುವ ಸಂಸ್ಥೆಯ ಅನುಮತಿ ಕೇಳಬೇಕು. ಪ್ರವಾಸಕ್ಕೆ ಹೋದವರು ತೆಗೆದು ಮನೆಯವರಿಗೆ ಕಳಿಸಿದರೆ ಯಾರೂ ಕೇಳುವುದಿಲ್ಲ. ಕಬ್ಬಿಣ ಎಲ್ಲರದ್ದು, ಬೆಳಕು ಒಬ್ಬರದ್ದು. ವಿಚಿತ್ರ ಎನಿಸಿದರೂ ತರ್ಕ ಮಾತ್ರ ಸರಿಯಾಗಿಯೇ ಇದೆ.

ಇನ್ನು ಕಟ್ಟಡದ ಮೇಲೆ, ಕಟ್ಟಡದ ಮುಂದೆ ಇರುವ ಕಲೆ. ಫೋಟೊಗ್ರಾಫರುಗಳು ಎಡವುವುದು ಇಲ್ಲೇ ಜಾಸ್ತಿ. ಕಟ್ಟಡಕ್ಕೆ ಸಿಕ್ಕ ವಿನಾಯಿತಿ ಪಕ್ಕದ ಶಿಲ್ಪಕ್ಕೂ ಇದೆ ಎಂದುಕೊಂಡು ಬಿಡುತ್ತಾರೆ. ಅಮೆರಿಕದಲ್ಲಿ ಇಲ್ಲ. ವಾಷಿಂಗ್ಟನ್ನಿನಲ್ಲಿ ಕೊರಿಯಾ ಯುದ್ಧದ ಸ್ಮಾರಕ ಇದೆ. ಮಳೆಗವಸು ಹೊದ್ದು ಸಾಲಾಗಿ ನಡೆಯುವ 19 ಸೈನಿಕರ ಉಕ್ಕಿನ ಪ್ರತಿಮೆಗಳು. ಮಾಡಿದವರು ಫ್ರಾಂಕ್ ಗೇಲಾರ್ಡ್. ಹಿಮ ಬಿದ್ದ ಒಂದು ಬೆಳಿಗ್ಗೆ ಒಬ್ಬರು ಆ ಪ್ರತಿಮೆಗಳ ಫೋಟೊ ತೆಗೆದರು. ಅದ್ಭುತ ಫೋಟೊ ಅದು. ಬಿಳಿ ಮಬ್ಬಿನಲ್ಲಿ ಬೂದು ಸೈನಿಕರು ನಿಜಕ್ಕೂ ನಡೆದು ಬರುತ್ತಿರುವ ಹಾಗಿದೆ. ಅಂಚೆ ಇಲಾಖೆ ಆ ಫೋಟೊಗ್ರಾಫರಿಗೆ 1,500 ಡಾಲರ್ ಕೊಟ್ಟು 2003ರಲ್ಲಿ 37 ಸೆಂಟಿನ ಅಂಚೆಚೀಟಿ ಮಾಡಿತು. ಶಿಲ್ಪಿಯನ್ನು ಕೇಳಲಿಲ್ಲ. ಶಿಲ್ಪಿ ಸರಕಾರದ ಮೇಲೆಯೇ ಕೇಸು ಹಾಕಿದರು. ಸ್ಮಾರಕ ಎಂದರೆ ವಾಸ್ತುಶಿಲ್ಪವೇ ಅಲ್ವಾ, ಅದಕ್ಕೆ ಕಟ್ಟಡದ ವಿನಾಯಿತಿ ಇದೆ ಎಂದು ಸರಕಾರ ವಾದಿಸಿತು. 2010ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಒಪ್ಪಲಿಲ್ಲ. ಕೊನೆಗೆ ಸರಕಾರ 6,84,844 ಡಾಲರ್ ತೆರಬೇಕೆಂದು ಆಯಿತು.

ಹಿಮ, ಬೆಳಕು, ಕೋನ, ಆ ಕ್ಷಣ ಎಲ್ಲ ಫೋಟೊಗ್ರಾಫರಿನದೇ. ಆದರೂ ಅದರೊಳಗೆ ಇನ್ನೊಬ್ಬರ ಕೆಲಸವೂ ಇತ್ತು. ಈ ತೀರ್ಪಿನ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಫೋಟೊವನ್ನು ಯಾರಾದರೂ ಕೇಳದೆ ಅಂಚೆಚೀಟಿ ಮಾಡಿದರೆ ನಾನೂ ಅದೇ ಮಾಡುತ್ತಿದ್ದೆ.

ಗೋಡೆ ಚಿತ್ರಗಳದ್ದು ಇನ್ನೂ ಹೊಸ ಜಗಳ. ಡೆಟ್ರಾಯಿಟ್‌ನ ಒಂದು ಪಾರ್ಕಿಂಗ್ ಕಟ್ಟಡದ ಗೋಡೆಯ ಮೇಲೆ ಸ್ವಿಸ್ ಕಲಾವಿದರೊಬ್ಬರು ದೊಡ್ಡ ಚಿತ್ರ ಬರೆದಿದ್ದರು. ಅದರ ಮುಂದೆ ಕಾರು ನಿಲ್ಲಿಸಿ ತೆಗೆದ ಫೋಟೊವನ್ನು ಜನರಲ್ ಮೋಟಾರ್ಸ್ ಕ್ಯಾಡಿಲ್ಯಾಕ್ ಪ್ರಚಾರಕ್ಕೆ ಬಳಸಿತು. ಚಿತ್ರ ಕಟ್ಟಡದ ಭಾಗ, ಆದ್ದರಿಂದ ಕಟ್ಟಡದ ವಿನಾಯಿತಿ ಸಾಕು ಎಂದು ಕಂಪನಿ ವಾದಿಸಿತು. 2018ರಲ್ಲಿ ನ್ಯಾಯಾಧೀಶರು ಅಷ್ಟಕ್ಕೇ ಕೇಸು ಮುಗಿಸಲು ಒಪ್ಪಲಿಲ್ಲ. ಬ್ರಿಟನ್ನಿನ 62ನೇ ಸೆಕ್ಷನ್ನಿನಲ್ಲೂ ಕಟ್ಟಡ ಇದೆ, ಶಿಲ್ಪ ಇದೆ, ಗೋಡೆ ಚಿತ್ರ ಇಲ್ಲ. ಭಾರತದಲ್ಲೂ ಸಾರ್ವಜನಿಕ ಶಿಲ್ಪಕ್ಕೆ ವಿನಾಯಿತಿ ಇದೆ, ಚಿತ್ರಕಲೆಗೆ ಇಲ್ಲ. ಜರ್ಮನಿಯಲ್ಲಿ ಬೀದಿಯಲ್ಲಿ ಕಾಯಂ ಇರುವ ಚಿತ್ರಕ್ಕೂ ಇದೆ. ನಡೆದಾಡುವ ಹಡಗಿನ ಮೇಲಿನ ಚಿತ್ರಕ್ಕೂ ಇದೆ ಎಂದು 2017ರಲ್ಲಿ ಅಲ್ಲಿ ತೀರ್ಪಾಗಿದೆ. ಹಾಗಾಗಿ ಬಣ್ಣದ ಗೋಡೆ ಚೆನ್ನಾಗಿ ಕಾಣುತ್ತದೆ ಅಂತ ಸುಮ್ನೆ ಅದರ ಮುಂದೆ ಮಾಡೆಲ್ ನಿಲ್ಲಿಸಿ ಜಾಹೀರಾತು ತೆಗೆದರೆ, ತಲೆನೋವು ಕರೆದು ಕೂರಿಸಿಕೊಂಡ ಹಾಗೆ.

ಈಗ ಬೋರ್ಡಿಗೆ ಬರೋಣ.

ಬೋರ್ಡಿನ ಹಿಂದೆ ಇರುವುದು ಮುಖ್ಯವಾಗಿ ಟ್ರೇಡ್‌ಮಾರ್ಕ್ ಕಾನೂನು. ಕಾಪಿರೈಟಿಗೂ ಇದಕ್ಕೂ ಹುಟ್ಟೇ ಬೇರೆ. ಕಾಪಿರೈಟ್ ಇರುವುದು ನಕಲು ತಡೆಯಲು. ಟ್ರೇಡ್‌ಮಾರ್ಕ್ ಇರುವುದು ಗಿರಾಕಿ ಮೋಸ ಹೋಗದಿರಲಿ ಅಂತ. ಈ ಸೋಪು ಮಾಡಿದ್ದು ಇವರೇ ಎಂದು ಗುರುತಿಸಲು ಒಂದು ಗುರುತು. ಆ ಗುರುತನ್ನು ಬೇರೆಯವರು ತಮ್ಮ ಸರಕಿನ ಮೇಲೆ ಅಂಟಿಸಿ ಮಾರಬಾರದು. ಅಷ್ಟೇ ಅದರ ಕೆಲಸ. ಪ್ರಪಂಚದಲ್ಲಿ ಆ ಗುರುತು ಎಲ್ಲಿ ಕಂಡರೂ ತಡೆಯುವ ಅಧಿಕಾರ ಯಾವ ಕಂಪನಿಗೂ ಕೊಟ್ಟಿಲ್ಲ. ಬೀದಿಯ ಫೋಟೊದಲ್ಲಿ ಒಂದು ಬ್ಯಾಂಕಿನ ಬೋರ್ಡು ಕಂಡರೆ, ಈ ಫೋಟೊವನ್ನು ಆ ಬ್ಯಾಂಕೇ ತೆಗೆಸಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಅಂದುಕೊಳ್ಳದಿದ್ದರೆ ಟ್ರೇಡ್‌ಮಾರ್ಕಿನ ಗಂಟೇನೂ ಹೋಗಲಿಲ್ಲ.

ಈ ಮಾತನ್ನು ಚೆನ್ನಾಗಿ ಪರೀಕ್ಷೆಗೆ ಒಡ್ಡಿದ ಕೇಸು ಅಮೆರಿಕದ ಕ್ಲೀವ್‌ಲ್ಯಾಂಡಿನದು. ಅಲ್ಲಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಮ್ಯೂಸಿಯಂ 1995ರಲ್ಲಿ ಶುರುವಾಯಿತು. ಆರ್ಕಿಟೆಕ್ಟ್ ಐ. ಎಂ. ಪೇ. ಕೆರೆಯ ದಡದಲ್ಲಿ ಗಾಜಿನ ದೊಡ್ಡ ಪಿರಮಿಡ್ಡು, ಪಕ್ಕದಲ್ಲಿ ಬಿಳಿ ಗೋಪುರ. ಮ್ಯೂಸಿಯಂನವರು ಹೆಸರಿನ ಜೊತೆಗೆ ಕಟ್ಟಡದ ಆಕಾರವನ್ನೂ ಟ್ರೇಡ್‌ಮಾರ್ಕ್ ಮಾಡಿಸಿದರು. 1996ರಲ್ಲಿ ಚಾರ್ಲ್ಸ್ ಜೆಂಟೈಲ್ ಎಂಬ ಫೋಟೊಗ್ರಾಫರ್ ಸೂರ್ಯಾಸ್ತದ ಬಣ್ಣದ ಮುಂದೆ ಅದೇ ಕಟ್ಟಡ ತೆಗೆದು ಪೋಸ್ಟರ್ ಮಾಡಿ ಮಾರಿದರು. ಸುತ್ತ ಕಪ್ಪು ಅಂಚು, ಕೆಳಗೆ ಬಂಗಾರದ ಅಕ್ಷರದಲ್ಲಿ ಮ್ಯೂಸಿಯಂ ಹೆಸರು. ಮ್ಯೂಸಿಯಂನವರದ್ದೂ ಒಂದು ಪೋಸ್ಟರ್ ಇತ್ತು, 20 ಡಾಲರಿನದು. ಇವರದ್ದು 40ರಿಂದ 50 ಡಾಲರ್. ಮ್ಯೂಸಿಯಂ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ಪೋಸ್ಟರ್ ಮಾರಾಟ ನಿಲ್ಲಿಸಿತು.

1998ರಲ್ಲಿ ಮೇಲ್ಮನವಿ ಕೋರ್ಟು ಆ ತಡೆ ತೆಗೆದುಹಾಕಿತು. ಕಾರಣ ನೋಡಿ. ಕಟ್ಟಡ ಪ್ರಸಿದ್ಧ ಎಂದ ಮಾತ್ರಕ್ಕೆ ಅದು ಟ್ರೇಡ್‌ಮಾರ್ಕ್ ಆಗಿಬಿಡುವುದಿಲ್ಲ. ಮ್ಯೂಸಿಯಂ ತಾನೇ ಆ ಕಟ್ಟಡದ ಒಂದೊಂದು ಚಿತ್ರವನ್ನು ಒಂದೊಂದು ಥರ ಬಳಸುತ್ತಿತ್ತು. ಇದೇ ನಮ್ಮ ಗುರುತು ಎಂದು ಒಂದೇ ನೋಟವನ್ನು ಹಿಡಿದು ಜನರಿಗೆ ತೋರಿಸಿರಲಿಲ್ಲ. ಪೋಸ್ಟರ್ ನೋಡಿದವರಿಗೆ ಕಾಣುವುದು ಊರಿನ ಒಂದು ಹೆಸರಾದ ಜಾಗದ ಫೋಟೊ. ಯಾರ ಮಾಲು ಇದು ಎಂದು ತೋರಿಸುವ ಮುದ್ರೆಯಲ್ಲ. ಕೆಳಗೆ ಬರೆದ ಹೆಸರು ಕೂಡ ಫೋಟೊದಲ್ಲಿ ಏನಿದೆ ಎಂದು ಹೇಳುತ್ತಿರಬಹುದು, ಅಷ್ಟೇ. ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಒಪ್ಪಲಿಲ್ಲ ಎನ್ನುವುದೂ ನೆನಪಿರಲಿ. ಅಂದರೆ ಇದು ಎಳ್ಳಷ್ಟೂ ಅನುಮಾನ ಇಲ್ಲದ ಗೆಲುವೇನಲ್ಲ. ಮರುವರ್ಷ ಕೆಳಗಿನ ಕೋರ್ಟೂ ಫೋಟೊಗ್ರಾಫರ್ ಪರವಾಗಿ ಕೇಸು ಮುಗಿಸಿತು.

ಭಾರತದಲ್ಲಿ 2017ರಲ್ಲಿ ಮುಂಬಯಿಯ ತಾಜ್ ಮಹಲ್ ಪ್ಯಾಲೆಸ್ ಹೋಟೆಲಿನ ಕಟ್ಟಡಕ್ಕೆ ಟ್ರೇಡ್‌ಮಾರ್ಕ್ ಸಿಕ್ಕಿತು. ದೇಶದಲ್ಲಿ ಕಟ್ಟಡವೊಂದಕ್ಕೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಇನ್ನು ಮುಂದೆ ಅದರ ಮುಂದೆ ಸೆಲ್ಫಿ ತೆಗೆಯುವಂತಿಲ್ಲವಾ ಎಂದು ಆಗ ಜನ ಕೇಳಿದ್ದುಂಟು. ಕ್ಲೀವ್‌ಲ್ಯಾಂಡಿನ ಕೇಸು ಓದಿದ್ದರೆ ಆ ಗಾಬರಿ ಬೇಕಿರಲಿಲ್ಲ. ಸೆಲ್ಫಿ ಸರಕಲ್ಲ. ಆ ಗುಮ್ಮಟವನ್ನು ಇನ್ನೊಂದು ಹೋಟೆಲಿನ ಜಾಹೀರಾತಿಗೋ, ಮಗ್ಗು ಟೀ ಶರ್ಟಿನ ಮೇಲೆ ಬ್ರಾಂಡಿನ ಹಾಗೋ ಹಾಕಿದರೆ ಮಾತು ಬೇರೆ.

ಲೋಗೊ ಒಂದು ಚಿತ್ರವೂ ಆಗಿದ್ದರೆ ಅದಕ್ಕೆ ಕಾಪಿರೈಟೂ ಇರುತ್ತದೆ. ಅಲ್ಲಿ ಬರುವ ಪ್ರಶ್ನೆ ಅದು ಫೋಟೊದಲ್ಲಿ ತಾನಾಗಿ ಅಡ್ಡ ಬಂದದ್ದಾ, ಅಥವಾ ಬೇಕೆಂದೇ ತಂದದ್ದಾ ಎನ್ನುವುದು. ಅಡ್ಡ ಬಂದದ್ದಕ್ಕೆ ಬ್ರಿಟನ್ನಿನ ಕಾಯ್ದೆಯ 31ನೇ ಸೆಕ್ಷನ್ ಮಾಫಿ ಕೊಡುತ್ತದೆ. ಈ ಮಾಫಿ ಎಲ್ಲಿಗೆ ನಿಲ್ಲುತ್ತದೆ ಎಂದು ತೋರಿಸಿದ್ದು ಫುಟ್‌ಬಾಲ್ ಸ್ಟಿಕ್ಕರ್. ಪನೀನಿ ಕಂಪನಿ ಆಟಗಾರರ ಫೋಟೊ ಸ್ಟಿಕ್ಕರ್ ಮಾರುತ್ತಿತ್ತು. ಆಟಗಾರರ ಅಂಗಿಯ ಮೇಲೆ ಕ್ಲಬ್ಬಿನ ಲಾಂಛನ, ಪ್ರೀಮಿಯರ್ ಲೀಗಿನ ಸಿಂಹ ಇತ್ತು. ಅಂಗಿಯ ಮೇಲಿತ್ತು, ಫೋಟೊದಲ್ಲಿ ಬಂತು, ನಾವೇನು ಮಾಡಲಿ ಎಂದರು ಕಂಪನಿಯವರು. 2003ರಲ್ಲಿ ಕೋರ್ಟು ಕೇಳಿದ್ದು ಒಂದೇ: ಲಾಂಛನ ಇಲ್ಲದ ಅಂಗಿಯಲ್ಲಿ ಆಟಗಾರ ಇದ್ದಿದ್ದರೆ ಮಕ್ಕಳು ಈ ಸ್ಟಿಕ್ಕರ್ ಕೊಳ್ಳುತ್ತಿದ್ದರಾ? ಪೂರ್ತಿ ಸಮವಸ್ತ್ರದಲ್ಲಿ ಇರುವುದೇ ಅದರ ಬೆಲೆ. ಹಾಗಿದ್ದ ಮೇಲೆ ಅದು ಅಡ್ಡ ಬಂದದ್ದಲ್ಲ.

ಈ ಅಳತೆಗೋಲು ಬೀದಿ ಫೋಟೊಗೂ ಚೆನ್ನಾಗಿ ಒಗ್ಗುತ್ತದೆ. ಬೋರ್ಡನ್ನು ಮನಸ್ಸಿನಲ್ಲೇ ಅಳಿಸಿ ನೋಡಿ. ಫೋಟೊ ಆಗಲೂ ನಿಲ್ಲುತ್ತದಾ? ನಿಂತರೆ ಬೋರ್ಡು ಸುಮ್ನೆ ಜೊತೆಗೆ ಬಂದದ್ದು. ಬಿದ್ದುಹೋದರೆ ನಿಮ್ಮ ಫೋಟೊ ಇರುವುದೇ ಬೋರ್ಡಿನ ಬಲದ ಮೇಲೆ. ಆಗ ಅದನ್ನು ಯಾವುದಕ್ಕೆ ಮಾರುತ್ತಿದ್ದೀರಿ ಎಂದು ಎರಡು ಸಲ ಯೋಚಿಸಿ. ಲಿಯಾನ್ ನಗರದ ಪ್ಲಾಸ್ ದೆ ಟೆರೋ ಚೌಕದ ಪೋಸ್ಟ್‌ಕಾರ್ಡುಗಳ ಕೇಸಿನಲ್ಲಿ, 2005ರಲ್ಲಿ, ಫ್ರಾನ್ಸಿನ ಕೋರ್ಟು ಕೂಡ ಇದೇ ದಾರಿಯಲ್ಲಿ ಯೋಚಿಸಿತು. ಚೌಕವನ್ನು ಹೊಸದಾಗಿ ರೂಪಿಸಿದ ಕಲಾವಿದರ ಕೆಲಸ ಹಳೆಯ ಚೌಕದ ಒಟ್ಟು ನೋಟದಲ್ಲಿ ಕರಗಿಹೋಗಿದೆ, ಕಾರ್ಡಿನ ಮುಖ್ಯ ವಿಷಯ ಚೌಕ ಎಂದಿತು. ಕಾಪಿರೈಟಿನ ವಿಷಯದಲ್ಲಿ ಅಷ್ಟು ಬಿಗಿ ಇರುವ ದೇಶದಲ್ಲೂ ಈ ಕಿಂಡಿ ಇದೆ ಎನ್ನುವುದು ಸಮಾಧಾನ.

ಬೋರ್ಡು ಕಂಡಿತು ಅಂತ ಜಗಳ ಆಡುವವರ ನಡುವೆ, ಬೋರ್ಡು ಕಾಣಲಿಲ್ಲ ಅಂತ ಕೋರ್ಟಿಗೆ ಹೋದವರೂ ಇದ್ದಾರೆ. 2002ರಲ್ಲಿ ಬಂದ ಒಂದು ಸೂಪರ್‌ಹೀರೊ ಸಿನಿಮಾದಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬರುತ್ತದೆ. ಕಂಪ್ಯೂಟರಿನಲ್ಲಿ ಅಲ್ಲಿನ ಕೆಲವು ಜಾಹೀರಾತು ಫಲಕ ಅಳಿಸಿ ಬೇರೆ ಫಲಕ ಕೂರಿಸಿದ್ದರು. ಕಟ್ಟಡದ ಮಾಲೀಕರು ಕೇಸು ಹಾಕಿದರು. ಗೋಡೆ ಬಾಡಿಗೆ ಕೊಟ್ಟು ಬದುಕುವವರು ಅವರು. ದುಡ್ಡು ಕೊಟ್ಟವನ ಬೋರ್ಡು ಸಿನಿಮಾದಲ್ಲಿ ಮಾಯವಾದರೆ ಹೊಟ್ಟೆ ಉರಿಯುವುದು ಸಹಜ. ಟ್ರೇಡ್‌ಮಾರ್ಕಿನ ವಾದವನ್ನು ಕೋರ್ಟು ಒಪ್ಪಲಿಲ್ಲ. ನನಗೆ ಈ ಕೇಸು ಇಷ್ಟವಾಗುವುದು ಬೇರೆ ಕಾರಣಕ್ಕೆ. ಬೋರ್ಡು ತೋರಿಸಿದರೂ ತಪ್ಪು, ಅಳಿಸಿದರೂ ತಪ್ಪು ಎಂದಾದರೆ ಕ್ಯಾಮೆರಾ ಹಿಡಿದವನು ಎಲ್ಲಿಗೆ ಹೋಗಬೇಕು?

ಬೋರ್ಡುಗಳಲ್ಲೇ ಎರಡು ಜಾತಿ ಇವೆ ಎಂದು ತೋರಿಸಲು ಇನ್ನೊಂದು ಜೋಡಿ. ಲಾಸ್ ಏಂಜಲಿಸ್ ಗುಡ್ಡದ ಮೇಲಿನ ಹಾಲಿವುಡ್ ಅಕ್ಷರಗಳು ಗೊತ್ತಲ್ಲ. 1923ರಲ್ಲಿ ಸೈಟು ಮಾರಲು ಹಾಕಿದ ಜಾಹೀರಾತು ಅದು. ಈಗ ವ್ಯಾಪಾರಕ್ಕೆ ಆ ಚಿತ್ರ ಬಳಸುವವರು ಲೈಸೆನ್ಸ್ ತೆಗೆದುಕೊಳ್ಳಬೇಕು ಎನ್ನುತ್ತದೆ ಅಲ್ಲಿನ ಚೇಂಬರ್ ಆಫ್ ಕಾಮರ್ಸ್. ಲಾಸ್ ವೇಗಸ್ ಊರಿನ ಬಾಗಿಲಲ್ಲಿ ಸ್ವಾಗತ ಹೇಳುವ ವಜ್ರದಾಕಾರದ ಬೋರ್ಡು 1959ರದ್ದು. ವಿನ್ಯಾಸ ಮಾಡಿದ ಬೆಟ್ಟಿ ವಿಲ್ಲಿಸ್ ಅದಕ್ಕೆ ಕಾಪಿರೈಟ್ ಮಾಡಿಸಲೇ ಇಲ್ಲ, ಊರಿಗೆ ಬಿಟ್ಟುಕೊಟ್ಟರು. ಅದಕ್ಕೇ ಅದು ಕೀಚೈನಿನಿಂದ ಕಾಫಿ ಮಗ್ಗಿನವರೆಗೆ ಎಲ್ಲೆಲ್ಲೂ ಇದೆ. ಊರಿಗೆ ನಷ್ಟವೇನೂ ಆದ ಹಾಗೆ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಸೆಕ್ಯೂರಿಟಿಯವರ ಮಾತು ಉಳಿದೇ ಇದೆ. ಅವರು ಕಾಪಿರೈಟೂ ಅಲ್ಲ, ಟ್ರೇಡ್‌ಮಾರ್ಕೂ ಅಲ್ಲ. ಅವರ ಬಲ ಇರುವುದು ನೆಲದಲ್ಲಿ. ನೀವು ನಿಂತ ಜಾಗ ಖಾಸಗಿಯಾಗಿದ್ದರೆ, ಇಲ್ಲಿ ಕ್ಯಾಮೆರಾ ಬೇಡ ಎನ್ನಲು ಒಡೆಯನಿಗೆ ಹಕ್ಕಿದೆ. ಮ್ಯೂಸಿಯಂ ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಷರತ್ತು, ಮಾಲಿನ ಬಾಗಿಲಿನ ಚೀಟಿ, ಎಲ್ಲ ಇದರ ಬಲದಿಂದಲೇ. ಕೇಳದಿದ್ದರೆ ಹೊರಗೆ ಹೋಗಿ ಎನ್ನಬಹುದು. ಮೆಮೊರಿ ಕಾರ್ಡು ಕಿತ್ತುಕೊಳ್ಳುವುದು, ಡಿಲೀಟ್ ಮಾಡಿಸುವುದು ಮಾತ್ರ ಅವರ ಕೆಲಸವಲ್ಲ.

ತೊಡಕೇನೆಂದರೆ, ಯಾವುದು ಖಾಸಗಿ ನೆಲ ಎಂದು ಈಗ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ನಗರಗಳಲ್ಲಿ ಚೌಕ, ಕಾರಂಜಿ, ಬೆಂಚು, ನದಿ ದಂಡೆ ಎಲ್ಲ ನೋಡಲು ಸಾರ್ವಜನಿಕ, ಕಾಗದದಲ್ಲಿ ಕಂಪನಿಯದು. ಲಂಡನ್ನಿನ ಕ್ಯಾನರಿ ವಾರ್ಫ್ ಅಂಥದ್ದು. ಕಲ್ಲುಹಾಸಿನ ಬಣ್ಣ ಬದಲಾದ ಒಂದು ಗೆರೆಯ ಈಚೆ ನಿಂತರೆ ಹಕ್ಕು, ಆಚೆ ನಿಂತರೆ ದಯೆ. 2011ರ ಜೂನಿನಲ್ಲಿ ಲಂಡನ್ನಿನ ಬೀದಿ ಫೋಟೊ ಉತ್ಸವವೊಂದರವರು ಇದನ್ನೇ ಪರೀಕ್ಷೆ ಮಾಡಿದರು. ಆರು ಜನ ಫೋಟೊಗ್ರಾಫರುಗಳನ್ನು ನಗರದ ವ್ಯಾಪಾರ ಕೇಂದ್ರಕ್ಕೆ ಕಳಿಸಿ, ಸಾರ್ವಜನಿಕ ಜಾಗದಲ್ಲೇ ನಿಂತು ಕಟ್ಟಡ ತೆಗೆಯಿರಿ ಎಂದರು. ಆರೂ ಜನರನ್ನು ಸೆಕ್ಯೂರಿಟಿಯವರು ತಡೆದರು. ಮೂರು ಕಡೆ ಪೊಲೀಸರು ಬಂದರು. ಅಮೆರಿಕದಲ್ಲಿ ಇದೇ ಥರ ಫೆಡರಲ್ ಕಟ್ಟಡದ ಮುಂದೆ ಬಂಧನವಾದ ಒಂದು ಕೇಸು 2010ರಲ್ಲಿ ರಾಜಿಯಾಯಿತು. ಸಾರ್ವಜನಿಕ ಜಾಗದಿಂದ ಸರಕಾರಿ ಕಟ್ಟಡದ ಹೊರನೋಟ ತೆಗೆಯುವುದಕ್ಕೆ ಸಾಮಾನ್ಯ ನಿಷೇಧ ಇಲ್ಲ ಎಂದು ತನ್ನ ಕಾವಲುಗಾರರಿಗೆ ಆ ಕಟ್ಟಡಗಳನ್ನು ಕಾಯುವ ಇಲಾಖೆಯೇ ತಿಳಿಹೇಳಬೇಕಾಯಿತು. ಸೇನೆ, ಗಡಿಯಂಥ ನಿಷೇಧಿತ ಜಾಗಗಳ ಮಾತು ಬೇರೆ. ಅಲ್ಲಿ ವಾದಕ್ಕೆ ನಿಲ್ಲಬೇಡಿ.

ಕಟ್ಟಡದ ಮಾಲೀಕನಿಗೆ ತನ್ನ ಕಟ್ಟಡದ ‘ನೋಟ’ದ ಮೇಲೆಯೂ ಒಡೆತನ ಇದೆಯಾ? ಫ್ರಾನ್ಸ್ ಈ ಪ್ರಶ್ನೆಗೆ ಐದು ವರ್ಷದ ಅಂತರದಲ್ಲಿ ಎರಡು ಉತ್ತರ ಕೊಟ್ಟಿದೆ. ನಾರ್ಮಂಡಿಯ ಒಂದು ಐತಿಹಾಸಿಕ ಕಾಫಿ ಮನೆಯ ಪೋಸ್ಟ್‌ಕಾರ್ಡು ಕೇಸಿನಲ್ಲಿ, 1999ರಲ್ಲಿ, ಇದೆ ಎಂದಿತು. ಫೋಟೊಗ್ರಾಫರುಗಳು ಕಂಗಾಲಾದರು. ರುವಾನ್ ನಗರದ ಹಳೆಯ ಮನೆಯೊಂದರ ಕೇಸಿನಲ್ಲಿ, 2004ರಲ್ಲಿ, ಇಲ್ಲ ಎಂದಿತು. ಆ ಫೋಟೊದಿಂದ ಮಾಲೀಕನಿಗೆ ಅತಿಯಾದ ತೊಂದರೆ ಆದರೆ ಮಾತ್ರ ತಡೆಯಬಹುದು. ಎರಡನೇ ಉತ್ತರವೇ ಸರಿ ಎಂದು ನನ್ನ ಅಭಿಪ್ರಾಯ. ಮನೆ ಕಟ್ಟಿದವನು ಗೋಡೆಗೆ ದುಡ್ಡು ಕೊಟ್ಟಿದ್ದಾನೆ, ದಾರಿಹೋಕನ ಕಣ್ಣಿಗಲ್ಲ.

ಆದರೆ ನಿಜ ಹೇಳಬೇಕೆಂದರೆ, ಕೋರ್ಟಿನ ಮೆಟ್ಟಿಲು ಹತ್ತುವ ಫೋಟೊಗ್ರಾಫರುಗಳು ಬೆರಳೆಣಿಕೆ. ಉಳಿದವರ ಕೈ ಕಟ್ಟಿರುವುದು ಕಾನೂನಲ್ಲ, ಸ್ಟಾಕ್ ಏಜೆನ್ಸಿಗಳ ನಿಯಮ. ಫೋಟೊ ಅಪ್‌ಲೋಡ್ ಮಾಡಿ, ಯಾರಾದರೂ ಕೊಂಡರೆ ಪಾಲು ಸಿಗುವ ವ್ಯವಸ್ಥೆ ಇದು. ಯಾರು ಕೊಳ್ಳುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಏಜೆನ್ಸಿಗೂ ಮೊದಲೇ ತಿಳಿಯದು. ಒಬ್ಬ ಸುದ್ದಿಗೆ ಬಳಸಬಹುದು, ಇನ್ನೊಬ್ಬ ಸಾಲದ ಜಾಹೀರಾತಿಗೆ. ಅದಕ್ಕೇ ಅವರು ಎರಡು ಗೂಡು ಮಾಡಿಕೊಂಡಿದ್ದಾರೆ. ಸುದ್ದಿ, ಲೇಖನಕ್ಕೆ ಮಾತ್ರ ಎಂಬ ‘ಎಡಿಟೋರಿಯಲ್’ ಗೂಡು ಒಂದು. ಎಲ್ಲದಕ್ಕೂ ಸಲ್ಲುವ ‘ಕಮರ್ಷಿಯಲ್’ ಗೂಡು ಇನ್ನೊಂದು. ಎರಡನೆಯದಕ್ಕೆ ಹೋಗಬೇಕಾದರೆ ಲೋಗೊ ಕಾಣಬಾರದು. ಗುರುತು ಸಿಗುವ ಖಾಸಗಿ ಕಟ್ಟಡವಾದರೆ ಮಾಲೀಕರು ಸಹಿ ಹಾಕಿದ ‘ಪ್ರಾಪರ್ಟಿ ರಿಲೀಸ್’ ಎಂಬ ಒಪ್ಪಿಗೆ ಪತ್ರ ಕೇಳಬಹುದು. ಕಾನೂನು ಇದನ್ನೆಲ್ಲ ಕೇಳುತ್ತದೆ ಅಂತಲ್ಲ. ಯಾವ ಕಂಪನಿಯಿಂದಲೂ ನೋಟಿಸ್ ಬರದಿರಲಿ ಅಂತ ಅವರ ಮುನ್ನೆಚ್ಚರಿಕೆ. ವ್ಯಾಪಾರಿಯಾಗಿ ಅವರ ಲೆಕ್ಕ ಅರ್ಥವಾಗುತ್ತದೆ. ಆದರೆ ನಿಯಮವೇ ಕಾನೂನು ಎಂದು ಹೊಸಬರು ನಂಬಿಬಿಡುತ್ತಾರೆ. ಬೀದಿಯಲ್ಲಿ ಕ್ಯಾಮೆರಾ ಎತ್ತುವ ಮುಂಚೆಯೇ ಬೋರ್ಡು ತಪ್ಪಿಸಲು ನೋಡುತ್ತಾರೆ.

ಆ ಸಂಜೆ ಜಾಗ ಬದಲಿಸಿ ತೆಗೆದ ನನ್ನ ಫೋಟೊ ಒಂದು ಏಜೆನ್ಸಿಯಿಂದ ವಾಪಸ್ ಬಂತು. ಕಾರಣ: ಲೋಗೊ ಕಾಣುತ್ತಿದೆ. ದೊಡ್ಡ ಬೋರ್ಡನ್ನು ನಾನು ಆಗಲೇ ಅಳಿಸಿದ್ದೆ. ಇನ್ನೆಲ್ಲಿ? ನೂರಕ್ಕೆ ನೂರು ದೊಡ್ಡದು ಮಾಡಿ ಎಡ ಮೂಲೆಯಿಂದ ನೋಡುತ್ತಾ ಬಂದೆ. ಪಕ್ಕದ ಮಹಡಿಯಲ್ಲಿ ಏಸಿ ಪೆಟ್ಟಿಗೆಗಳ ಮೇಲೆ ಹೆಸರು. ನಿಲ್ಲಿಸಿದ ಬೈಕಿನ ಟ್ಯಾಂಕಿನ ಮೇಲೆ ರೆಕ್ಕೆ. ಯಾರದೋ ಬೆನ್ನಿನ ಬ್ಯಾಗಿನ ಮೇಲೆ ಒಂದು ಸರಿ ಗುರುತು. ಅಳಿಸಿದ ದೊಡ್ಡ ಬೋರ್ಡಿನ ತಲೆಕೆಳಗಾದ ನೆರಳು ಮಳೆನೀರಿನ ಹೊಂಡದಲ್ಲಿ ಹಾಗೇ ಕೂತಿತ್ತು, ಅಕ್ಷರ ಅಕ್ಷರವೂ ಓದುವ ಹಾಗೆ. ಕ್ಲೋನ್ ಟೂಲ್ ಹಿಡಿದು ಎಲ್ಲ ಒರೆಸುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಕೊನೆಗೆ ಉಳಿದದ್ದು ಯಾವ ಊರಿನಲ್ಲೂ ಇಲ್ಲದ ಒಂದು ಬೀದಿ.

ಫೋಟೊ ಬಳಸುವ ಪತ್ರಿಕೆಯವರಿಗೂ ಒಂದು ಮಾತು. ಎಡಿಟೋರಿಯಲ್ ಎಂದ ಮಾತ್ರಕ್ಕೆ ಎಲ್ಲ ನಡೆಯುತ್ತದೆ ಅಂತಲ್ಲ. ವಂಚನೆಯ ಸುದ್ದಿಗೆ ಕೈಗೆ ಸಿಕ್ಕ ಯಾವುದೋ ಬ್ಯಾಂಕಿನ ಬೋರ್ಡಿರುವ ಫೋಟೊ ಹಾಕಿದರೆ, ಅಲ್ಲಿ ಬರುವ ಕೇಸು ಟ್ರೇಡ್‌ಮಾರ್ಕಿನದಲ್ಲ, ಮಾನನಷ್ಟದ್ದು. ಬೋರ್ಡು ಸುಳ್ಳು ಹೇಳಲಿಲ್ಲ, ಫೋಟೊ ಸುಳ್ಳು ಹೇಳಲಿಲ್ಲ. ಅದನ್ನು ತಂದು ಕೂರಿಸಿದ ಜಾಗ ಹೇಳಿತು.

ಬೋರ್ಡು ಒರೆಸಿದ ಆ ಫೋಟೊವನ್ನು ಯಾರೋ ಒಂದು ಕೈಪಿಡಿಯ ಮುಖಪುಟಕ್ಕೆ ಕೊಂಡರು. ಒರೆಸದ ಮೂಲ ಫೈಲನ್ನು ದಿನಾಂಕ, ಕಟ್ಟಡದ ಹೆಸರು ಬರೆದು ಎಡಿಟೋರಿಯಲ್ ಗೂಡಿಗೆ ಹಾಕಿದ್ದೆ. ವರ್ಷ ಕಳೆದ ಮೇಲೆ ಆ ಕಂಪನಿ ಅಲ್ಲಿಂದ ಖಾಲಿ ಮಾಡಿತು, ಬೋರ್ಡು ಇಳಿಸಿದರು. ಆ ಸುದ್ದಿಗೆ ಹಳೆಯ ಬೋರ್ಡಿರುವ ಫೋಟೊ ಬೇಕು ಎಂದು ಒಂದು ಪತ್ರಿಕೆಯವರು ಹುಡುಕಿಕೊಂಡು ಬಂದರು. ಅವರು ಕೊಂಡದ್ದು ಹೊಂಡದಲ್ಲಿ ತಲೆಕೆಳಗಾಗಿ ಅಕ್ಷರ ಕೂತಿರುವ ಅದೇ ಫೋಟೊವನ್ನು.